ತೊಟ್ಟಿಲಿಗೆ ಬಣ್ಣ ಹಚ್ಚುವ ಮುನ್ನ

ಹಲ್ಲು ಮೂಡುವ ಕೂಸು ಮೊದಲು ರುಚಿ ನೋಡುವುದು ತೊಟ್ಟಿಲ ಅಂಚನ್ನು. ಆದುದರಿಂದ ಶಿಗ್ಗಾಂವದ ಬಡಗಿಯಿಂದ ತೊಟ್ಟಿಲು ಮಾಡಿಸುವವರು ಮರದ ಜಾತಿಯನ್ನು ವಿಚಾರಿಸಿದಷ್ಟೇ ಆಸ್ಥೆಯಿಂದ ಅದರ ಲೇಪವನ್ನೂ ವಿಚಾರಿಸತಕ್ಕದ್ದು.

ಅಲ್ಲಿಗೆ ದೂರವಲ್ಲದ ಕಲಘಟಗಿಯ ತೊಟ್ಟಿಲುಗಳು ಅರಗಿನ ಬಣ್ಣಕ್ಕೆ ಹೆಸರಾದವು. ಅರಗೆಂದರೆ ಮುತ್ತುಗ, ಬೋರೆ ಮೊದಲಾದ ಮರಗಳ ಮೇಲೆ ಕೀಟವೊಂದು ಸ್ರವಿಸುವ ರಾಳ. ಶುದ್ಧಗೊಳಿಸಿದ ಅರಗನ್ನು ಔಷಧದ ಗುಳಿಗೆಗಳಿಗೂ ಮಿಠಾಯಿಗಳಿಗೂ ಸವರುವುದುಂಟು. ಮಗು ನೆಕ್ಕಿತೆಂದು ಅಂಜಬೇಕಾಗಿಲ್ಲ. ಅಂಜಬೇಕಾದುದು ಅದರಲ್ಲಿ ಬೆರೆಸುವ ವರ್ಣಕ್ಕೆ. ಹಿರಿಯರು ಬಳಸಿದ್ದೆಲ್ಲ ನಿರಪಾಯವೆಂಬ ನಮ್ಮ ನಂಬಿಕೆ ಇಲ್ಲಿ ಸಲ್ಲದು: ಹರಿತಾಳದ ಹಳದಿಯಲ್ಲಿ ಆರ್ಸೆನಿಕ್ ಇದೆ, ಇಂಗಳೀಕದ ಕೆಂಪಿನಲ್ಲಿ ಪಾದರಸ, ಸಿಂಧೂರದಲ್ಲಿ ಸೀಸ.

ಸೀಸವು ಎಳೆಯ ಮಿದುಳನ್ನು ಕೆಡಿಸುತ್ತದೆ. ಇಷ್ಟಾದರೆ ಚಿಂತೆಯಿಲ್ಲವೆಂಬ ಪ್ರಮಾಣವೇ ಅದಕ್ಕಿಲ್ಲ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎಣ್ಣೆಬಣ್ಣದ ತೊಟ್ಟಿಲನ್ನು ಉಸುಕುಕಾಗದದಿಂದ ಉಜ್ಜಿ ಹೊಸದಾಗಿಸಲು ಹೊರಡುವುದು ಅಪಾಯಕರ. ಏಳುವ ಧೂಳೇ ವಿಷ.

ಹೊಸ ತೊಟ್ಟಿಲಿಗೆ ಬಣ್ಣವಿಲ್ಲದ ಅರಗಿನ ಪಾಲಿಶ್ ನಮ್ಮ ಮಟ್ಟಿಗೆ ಉತ್ತಮ. ಸ್ಪಿರಿಟ್ಟಿನ ವಾಸನೆ ಪೂರ್ತಿ ಅಡಗಿದ ಮೇಲೆಯೇ ಮಗುವನ್ನು ಮಲಗಿಸಬೇಕು. ತೇವ ತಗಲಿದಲ್ಲಿ ಅದು ಬೆಳ್ಳಗಾಗುತ್ತದೆ, ತೊಟ್ಟಿಲಿಗೆ ತೇವ ತಪ್ಪಿದ್ದಲ್ಲ! ಇದು ಬೇಡವೆಂಬವರಿಗೆ ಹಸಿ ಅಗಸೆ ಎಣ್ಣೆಯಿದೆ. ಒಣಗಲು ವಾರಗಳೇ ಬೇಕು. ‘ಬೇಗ ಒಣಗುವುದು’ ಎಂದು ಮಾರುವ ಎಣ್ಣೆಯಲ್ಲಿ ಲೋಹದ ಲವಣಗಳಿರುತ್ತವೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿರಿ, ತಾನಾಗಿ ಬೆಂಕಿ ಹತ್ತೀತು. ಬಯಲಿನಲ್ಲಿ ಹರವಿ ಒಣಗಿಸಿರಿ.