ಕರ್ಜಗಿ: ಓಟ ಉಳಿದರೆ ಸಾಲದು, ಬಂಡಿಯೂ ಉಳಿಯಬೇಕು

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೊರಟ ರೈಲಿಗೆ ಹಾವೇರಿಗಿಂತ ಮೊದಲು ಸಿಗುವ ಊರು ಕರ್ಜಗಿ. ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಈ ಹೆಸರಿನದೇ ತಾಲೂಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದ ಗೆಜೆಟಿಯರ್ ಹಾವೇರಿಯನ್ನು ಕರ್ಜಗಿ ತಾಲೂಕಿನ ಪಟ್ಟಣವೆಂದೇ ಗುರುತಿಸುತ್ತದೆ. ಮುಂದೆ ತಾಲೂಕಿನ ಹೆಸರೂ ಹಾವೇರಿಯದಾಯಿತು, 1997ರಲ್ಲಿ ಹಾವೇರಿ ಜಿಲ್ಲೆಯೇ ಆಯಿತು. ಕಡತದಿಂದ ಕಳಚಿಹೋದ ಕರ್ಜಗಿಯ ಹೆಸರನ್ನು ಸುತ್ತಲಿನ ಸೀಮೆಯ ಬಾಯಲ್ಲಿ ಉಳಿಸಿದ್ದು ಕಾರಹುಣ್ಣಿಮೆ ಹಬ್ಬ, ಅದರಲ್ಲಿ ಬ್ರಹ್ಮಲಿಂಗೇಶ್ವರನ ಹೆಸರಿನಲ್ಲಿ ಓಡುವ ಎತ್ತಿನ ಬಂಡಿ.

ಆದ್ದರಿಂದ ಈ ಊರಿನ ಪರಂಪರೆಯನ್ನು ಗುಡಿಯ ಕಲ್ಲಿನಲ್ಲಷ್ಟೇ ಹುಡುಕಬಾರದು, ಗಾಲಿಯಲ್ಲೂ ಹುಡುಕಬೇಕು. ನಡುವಿನ ಗುಂಬಕ್ಕೆ ಅರಗಳನ್ನು ಕೂಡಿಸಿ, ಸುತ್ತ ಕಟ್ಟಿಗೆಯ ಬಳೆ ಜೋಡಿಸುವುದು ಬಡಿಗನ ಕೆಲಸ. ಕಬ್ಬಿಣದ ಹಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಅದರ ಮೇಲೆ ಕೂಡಿಸುವವನು ಕಮ್ಮಾರ. ನೀರು ಹಾಕಿದೊಡನೆ ಹಳಿ ಕುಗ್ಗಿ, ಇಡೀ ಗಾಲಿಯನ್ನು ಬಿಗಿದು ಹಿಡಿಯುತ್ತದೆ. ಒಂದು ನೂಲು ಹೆಚ್ಚಾದರೆ ಹಳಿ ಸಡಿಲ, ಕಡಿಮೆಯಾದರೆ ಅರಕ್ಕೆ ಪೆಟ್ಟು. ಈ ಲೆಕ್ಕ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ಅಪ್ಪನ ಕೈಯಿಂದ ಮಗನ ಕೈಗೆ ಇಳಿದದ್ದು. ಟ್ರ್ಯಾಕ್ಟರ್ ಮನೆಯಂಗಳಕ್ಕೆ ಬಂದ ಮೇಲೆ ಆ ಮಗನಿಗೆ ಗಾಲಿ ಕಟ್ಟಿಸಿಕೊಳ್ಳುವ ಗಿರಾಕಿಯೇ ಅಪರೂಪ.

ಬಂಡಿ ಓಟಕ್ಕೆ ಕಾನೂನೇ ರಕ್ಷಣೆ ಕೊಟ್ಟಿದೆಯಲ್ಲ ಎಂದು ಕೇಳಬಹುದು. ನಿಜ, ಕಂಬಳಕ್ಕೂ ಬಂಡಿ ಓಟಕ್ಕೂ ಅವಕಾಶ ಕೊಟ್ಟ ರಾಜ್ಯದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಎತ್ತಿಗೆ ಹಿಂಸೆ ಕೂಡದೆಂಬ ಷರತ್ತು ಅದರಲ್ಲಿದೆ, ಅದು ಇರಲೇಬೇಕು. ಆದರೆ ಆ ಕಾನೂನು ಕಾಯುವುದು ಓಟವನ್ನು ಮಾತ್ರ. ಉಳುವ ಎತ್ತು ಕೊಟ್ಟಿಗೆಯಲ್ಲಿ ಉಳಿಯುವುದು, ಗಾಲಿ ಕಟ್ಟುವ ಕೈಗೆ ಕೂಲಿ ಸಿಗುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಓಟಕ್ಕೆಂದೇ ಸಾಕಿದ ಎತ್ತು ತಂದರಾಯಿತು ಎನ್ನುವವರೂ ಇದ್ದಾರೆ. ಆಗ ಉಳಿಯುವುದು ಪಂದ್ಯ, ಕಾರಹುಣ್ಣಿಮೆಯಲ್ಲ. ಮುಂಗಾರಿನ ದುಡಿತದ ಹೊತ್ತಿನಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಅದರ ಋಣ ನೆನೆಯುವ ದಿನವದು.

ಜಾನಪದ ವಿಶ್ವವಿದ್ಯಾಲಯ ಇರುವುದು ಇದೇ ಜಿಲ್ಲೆಯ ಗೊಟಗೋಡಿಯಲ್ಲಿ. ಹಳಿ ಕೂಡಿಸುವ ವಿದ್ಯೆಯನ್ನು, ಅದರ ಒಂದೊಂದು ಮಾತಿನ ಸಮೇತ, ಬಲ್ಲವರಿಂದಲೇ ದಾಖಲಿಸಿ ಹುಡುಗರಿಗೆ ಕಲಿಸುವ ಕೆಲಸ ಅಲ್ಲಿಂದ ಶುರುವಾಗಲಿ, ಮುಂದಿನ ಕಾರಹುಣ್ಣಿಮೆಗೆ ಮೊದಲೇ.