ಎತ್ತರದ ಗಾಳಿಯೂ ಎಳೆಯ ಕೂಸೂ

ನರಗುಂದದ ಕೋಟೆಯ ಗುಡ್ಡವನ್ನಾಗಲಿ ಗಜೇಂದ್ರಗಡದ ಬೆಟ್ಟವನ್ನಾಗಲಿ ಏರಿದವರಿಗೆ ಏದುಸಿರು ಬರುವುದು ಸಹಜ. ಆದರೆ ಅದು ಏರುವ ಶ್ರಮದ ಫಲವೇ ಹೊರತು ಗಾಳಿಯ ಕೊರತೆಯಲ್ಲ. ಈ ಎರಡು ಊರುಗಳೂ ನೆರೆಯ ರೋಣವೂ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ಬಯಲುಸೀಮೆಯಲ್ಲಿವೆ. ಕಡಲತೀರದಲ್ಲಿ 760 ಮಿಲಿಮೀಟರು ನಿಲ್ಲುವ ವಾಯುಭಾರಮಾಪಕದ ಪಾದರಸವು ಇಲ್ಲಿ ಸುಮಾರು 707ಕ್ಕೆ ಇಳಿದಿರುತ್ತದೆ. ಇಷ್ಟು ಅಲ್ಪ ವ್ಯತ್ಯಾಸವನ್ನು ನಮ್ಮ ದೇಹವು ಲೆಕ್ಕಿಸುವುದಿಲ್ಲ.

ಲಡಾಖದ ಲೇಹ್ ಪಟ್ಟಣದ ಮಾತೇ ಬೇರೆ. ಸುಮಾರು 3500 ಮೀಟರು ಎತ್ತರದ ಆ ಊರಿನಲ್ಲಿ ಪಾದರಸವು 500ನ್ನೂ ಮುಟ್ಟುವುದಿಲ್ಲ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ 21 ಪಾಲೇ ಇದೆ. ಆದರೆ ಗಾಳಿಯೇ ವಿರಳವಾದುದರಿಂದ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಕಡಲತೀರದ ಮೂರನೆಯ ಎರಡು ಪಾಲಿನಷ್ಟು ಮಾತ್ರ.

ಇಂತಹ ಎಡೆಯಲ್ಲಿ ಹುಟ್ಟುವ ಕೂಸಿನ ಗತಿಯೇನು? ಗರ್ಭಸ್ಥ ಶಿಶುವು ತಾನೇ ಉಸಿರಾಡುವುದಿಲ್ಲ. ತಾಯಿಯ ರಕ್ತದ ಆಮ್ಲಜನಕವು ಮಾಸನ್ನು ದಾಟಿ ಹೊಕ್ಕುಳ ಬಳ್ಳಿಯ ಮೂಲಕ ಅದನ್ನು ಸೇರುತ್ತದೆ. ಶಿಶುವಿನ ಹಿಮೋಗ್ಲೋಬಿನ್ನು ವಯಸ್ಕರದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯಬಲ್ಲದು. ಆದರೂ ಬೆಟ್ಟವು ತನ್ನ ಸುಂಕವನ್ನು ಪಡೆಯದೆ ಬಿಡದು. ಅಮೆರಿಕದ ಕೊಲೊರಾಡೊದಲ್ಲಿ ಪ್ರತಿ 1000 ಮೀಟರು ಎತ್ತರಕ್ಕೆ ಶಿಶುಗಳ ಜನನತೂಕವು ಸರಾಸರಿ 100 ಗ್ರಾಮಿನಷ್ಟು ಕುಗ್ಗುವುದು ಕಂಡುಬಂದಿದೆ.

ಹುಟ್ಟಿದ ಮೇಲೂ ತೊಡಕು ತಪ್ಪದು. ಮೊದಲ ಉಸಿರಿನೊಡನೆ ಶ್ವಾಸಕೋಶದ ರಕ್ತನಾಳಗಳು ಅರಳಬೇಕು. ಗರ್ಭದಲ್ಲಿ ಶ್ವಾಸಕೋಶವನ್ನು ಬಳಸಿ ಹೋಗುತ್ತಿದ್ದ ರಕ್ತದ ಅಡ್ಡದಾರಿ ಮುಚ್ಚಬೇಕು. ಇದಕ್ಕೆ ಮುಖ್ಯ ಪ್ರೇರಣೆ ಆಮ್ಲಜನಕವೇ. ಅದು ಸಾಲದಾದಾಗ ನಾಳಗಳು ಬಿಗಿದೇ ಉಳಿದು ಹೃದಯದ ಬಲಭಾಗವು ದಣಿಯುತ್ತದೆ. ಬಯಲಿನಿಂದ ಟಿಬೆಟಿನ ಲ್ಹಾಸಾಕ್ಕೆ ಕರೆತಂದ ಹಸುಗೂಸುಗಳು ಈ ಬಗೆಯ ಹೃದಯದ ಸೋಲಿನಿಂದ ಮಡಿದುದನ್ನು ವೈದ್ಯರು 1988ರಲ್ಲಿ ವರ್ಣಿಸಿದರು.

ಅದೇ ಲ್ಹಾಸಾದಲ್ಲಿ ಟಿಬೆಟಿನ ತಾಯಂದಿರ ಶಿಶುಗಳ ರಕ್ತದಲ್ಲಿ, ಹೊರಗಿನಿಂದ ಬಂದು ನೆಲೆಸಿದವರ ಶಿಶುಗಳ ರಕ್ತಕ್ಕಿಂತ ಹೆಚ್ಚು ಆಮ್ಲಜನಕವಿರುವುದು 1995ರಲ್ಲಿ ಪ್ರಕಟವಾಯಿತು. ಸಾವಿರಾರು ವರ್ಷ ಬೆಟ್ಟದಲ್ಲಿ ಬಾಳಿದ ಜನಾಂಗವನ್ನು ಪ್ರಕೃತಿಯು ಆಯ್ದು ಹದಗೊಳಿಸಿದೆ. ಇದಕ್ಕೆ ನೆರವಾದ ಇಪಿಎಎಸ್1 ಎಂಬ ಜೀನು 2010ರಲ್ಲಿ ಬೆಳಕಿಗೆ ಬಂತು. ನಮ್ಮ ಮುಂಡಗೋಡ, ಬೈಲಕುಪ್ಪೆಗಳಲ್ಲಿ ನೆಲೆಸಿರುವ ಟಿಬೆಟಿನ ಕುಟುಂಬಗಳು ಬೆಟ್ಟವನ್ನು ಬಿಟ್ಟು ಬಂದರೂ ಈ ಪಿತ್ರಾರ್ಜಿತವನ್ನು ಮೈಯೊಳಗೆ ಹೊತ್ತು ತಂದಿವೆ.

ಹಾಗಾದರೆ ರೋಣದ ಕೂಸಿಗೆ ಆಮ್ಲಜನಕದ ಚಿಂತೆಯಿಲ್ಲವೇ? ಇದೆ, ಆದರೆ ಕೊರತೆಯು ಗಾಳಿಯಲ್ಲಿಲ್ಲ, ತಾಯಿಯ ರಕ್ತದಲ್ಲಿದೆ. ಗರ್ಭಿಣಿಯ 100 ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ನು 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 14 ಗ್ರಾಮು ಇರುವ ರಕ್ತವು ಹೊರಬಲ್ಲ ಆಮ್ಲಜನಕದಲ್ಲಿ 7 ಗ್ರಾಮಿನ ರಕ್ತವು ಅರ್ಧವನ್ನಷ್ಟೇ ಹೊರಬಲ್ಲದು. ಲೇಹಿನ ಆರೋಗ್ಯವಂತ ತಾಯಿಯಾದರೋ ಹೆಚ್ಚು ಉಸಿರಾಡಿ ಕೊರತೆಯ ಬಹುಪಾಲನ್ನು ತುಂಬಿಕೊಳ್ಳುತ್ತಾಳೆ. ಬಯಲಿನಲ್ಲಿದ್ದೂ ರಕ್ತಹೀನೆಯಾದವಳು ಅವಳಿಗಿಂತ ಎತ್ತರದ ಬೆಟ್ಟವನ್ನೇ ಏರಿದಂತಾಯಿತು! ಅಂಥವಳ ಕೂಸು ಅವಧಿಗೆ ಮುನ್ನ ಹುಟ್ಟುವ, ಇಲ್ಲವೆ 2500 ಗ್ರಾಮಿಗಿಂತ ಕಡಿಮೆ ತೂಗುವ ಸಂಭವ ಹೆಚ್ಚು.

ಲೇಹಿನ ಗಾಳಿಯನ್ನು ನಾವು ಬದಲಿಸಲಾರೆವು, ರಕ್ತವನ್ನು ಸುಧಾರಿಸಬಲ್ಲೆವು. ಸಜ್ಜೆಯ ರೊಟ್ಟಿ, ಕಾಳು, ತಪ್ಪಲು ಪಲ್ಯಗಳಲ್ಲಿ ಕಬ್ಬಿಣದ ಅಂಶವಿದೆ. ಊಟದೊಡನೆ ನಿಂಬೆಯ ರಸ ಸೇರಿದರೆ ಅದು ಮೈಗೆ ಹತ್ತುತ್ತದೆ. ಚಹಾ ಸೇರಿದರೆ ಹತ್ತದು. ಆದರೆ ಗರ್ಭಿಣಿಗೆ ಆಹಾರವೊಂದೇ ಸಾಲದು. ಸರಕಾರವು ಉಚಿತವಾಗಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ದಿನಕ್ಕೊಂದರಂತೆ 180 ದಿನ ನುಂಗಬೇಕು. ಮನೆಯಲ್ಲಿ ಬಸುರಿಯಾದ ಅಕ್ಕನೋ ಅತ್ತಿಗೆಯೋ ಇದ್ದರೆ, ಆ ಗುಳಿಗೆಗಳು ಪೆಟ್ಟಿಗೆಯಲ್ಲಿಯೇ ಉಳಿಯದಂತೆ ನೋಡಿಕೊಳ್ಳುವುದು ಓದು ಬಲ್ಲ ತರುಣರು ಮಾಡಬಹುದಾದ ಕೆಲಸ.