ಮನೆಯ ಟಿ.ವಿ.ಗೆ ಹಾರ್ಡ್ ಡಿಸ್ಕನ್ನು ಅಣಿಮಾಡುವುದು

ದೀಪಾವಳಿ ಕಳೆದ ಮೇಲೆ ಒಂದು ದಿನ ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಹೋಗಿದ್ದೆ. ಮನೆಗೆ ಹೊಸ ಟಿ.ವಿ. ಬಂದಿತ್ತು. ಅತ್ತೆಯ ಮೊಮ್ಮಗ, ಹೈಸ್ಕೂಲಿನ ಹುಡುಗ, ಅಂಗೈಯಗಲದ ಹಾರ್ಡ್ ಡಿಸ್ಕೊಂದನ್ನು ತಂದು ಅದರ ಹಿಂಬದಿಗೆ ಸಿಕ್ಕಿಸಿ, ನನಗೆ ಅಂಟಿಗೆ-ಪಂಟಿಗೆಯ ಹಾಡು ಕೇಳಿಸಲು ಹೊರಟ. ನಮ್ಮ ಮಾವ ತೀರಿಕೊಂಡು ಮೂರು ವರ್ಷವಾಗಿದೆ. ದೀಪಾವಳಿಯ ರಾತ್ರಿಗಳಲ್ಲಿ ಆರದ ದೀಪ ಹಿಡಿದು ಮನೆಮನೆಗೆ ಹೋಗುವ ತಂಡದಲ್ಲಿ ಮುಂದೆ ನಿಂತು ಹಾಡುತ್ತಿದ್ದವರು ಅವರು. ಮಗ ಮೊಬೈಲಿನಲ್ಲಿ ಹಿಡಿದಿಟ್ಟ ಆ ಹಾಡುಗಳೆಲ್ಲ ಈ ಡಿಸ್ಕಿನಲ್ಲಿದ್ದವು, ಬೇರೆಲ್ಲಿಯೂ ಇರಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಮೂಡಿತು: ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೆ? ಹುಡುಗ ‘ಸರಿ’ ಎಂಬ ಗುಂಡಿ ಒತ್ತಿಬಿಟ್ಟ. ಅರ್ಧ ನಿಮಿಷದಲ್ಲಿ ಡಿಸ್ಕು ಸಿದ್ಧವಾಯಿತೆಂದು ಟಿ.ವಿ. ಹೇಳಿತು. ತೆರೆದು ನೋಡಿದರೆ ಬರಿದು.

ಹುಡುಗನನ್ನು ಗದರುವುದರಲ್ಲಿ ಅರ್ಥವಿರಲಿಲ್ಲ. ಫಾರ್ಮ್ಯಾಟ್ ಎಂದರೇನೆಂದು ಆ ಮನೆಯಲ್ಲಿ ಯಾರಿಗೂ ಯಾರೂ ಹೇಳಿರಲಿಲ್ಲ. ಸಿನಿಮಾ, ಮದುವೆಯ ವಿಡಿಯೋ, ಯಕ್ಷಗಾನದ ಆಟ, ಮಕ್ಕಳ ಚಿತ್ರ, ಎಲ್ಲವನ್ನೂ ಒಂದು ಡಿಸ್ಕಿಗೆ ತುಂಬಿ ಟಿ.ವಿ.ಗೋ ಮೀಡಿಯಾ ಪ್ಲೇಯರಿಗೋ ಸಿಕ್ಕಿಸಿ ನೋಡುವ ವಾಡಿಕೆ ಈಗ ಹಳ್ಳಿಹಳ್ಳಿಗೂ ಬಂದಿದೆ. ಆ ಡಿಸ್ಕನ್ನು ತುಂಬುವ ಮೊದಲು ಹದಮಾಡುವ ಕೆಲಸವನ್ನು ಮಾತ್ರ ನಾವು ಅಂಗಡಿಯವನಿಗೋ ಯಂತ್ರಕ್ಕೋ ಬಿಟ್ಟಿದ್ದೇವೆ.

ಹಾರ್ಡ್ ಡಿಸ್ಕಿನೊಳಗೆ ಇರುವುದು ಕನ್ನಡಿಯಂತೆ ಹೊಳೆಯುವ, ಕಾಂತಲೇಪ ಹಚ್ಚಿದ ತಟ್ಟೆ. 1956ರಲ್ಲಿ ಐ.ಬಿ.ಎಂ. ಕಂಪನಿಯವರು ಮೊದಲ ಡಿಸ್ಕ್ ಯಂತ್ರವನ್ನು ಹೊರತಂದಾಗ ಅಂಥ ಐವತ್ತು ತಟ್ಟೆಗಳಲ್ಲಿ 50 ಲಕ್ಷ ಅಕ್ಷರ ಹಿಡಿಯುತ್ತಿತ್ತು. ಇಂದಿನ ಮೊಬೈಲಿನ ಒಂದೆರಡು ಚಿತ್ರಗಳಿಗೆ ಅದು ಸಾಕಾಗದು. ಗಾತ್ರ ಎಷ್ಟು ಬದಲಾದರೂ ಏರ್ಪಾಟು ಅದೇ. ತಟ್ಟೆಯ ಮೇಲೆ ಬಳೆಗಳಂತೆ ಒಂದರೊಳಗೊಂದು ವೃತ್ತಗಳು, ಪ್ರತಿ ವೃತ್ತದಲ್ಲೂ ಸಾಲಾಗಿ ಖಾನೆಗಳು. ಈ ಖಾನೆಗೆ ಸೆಕ್ಟರ್ ಎಂದು ಹೆಸರು. ಖಾನೆಗಳಿಗೆ ಸೊನ್ನೆಯಿಂದ ಮೊದಲಾಗಿ ಕ್ರಮಸಂಖ್ಯೆ ಉಂಟು. ಖಾನೆಗಳನ್ನು ಕಾರ್ಖಾನೆಯಲ್ಲೇ ಗೆರೆ ಹಾಕಿ ಕಳಿಸುತ್ತಾರೆ. ನಾವು ಮನೆಯಲ್ಲಿ ಮಾಡುವುದು ಎರಡೇ ಕೆಲಸ. ಎಷ್ಟನೆಯ ಖಾನೆಯಿಂದ ಎಷ್ಟನೆಯ ಖಾನೆಯವರೆಗೆ ನಮ್ಮ ಹಿಡುವಳಿ ಎಂದು ಡಿಸ್ಕಿನ ಆರಂಭದಲ್ಲಿ ಬರೆಯುವುದು ಮೊದಲನೆಯದು, ಅದು ಪಾರ್ಟಿಷನ್. ಆ ಹಿಡುವಳಿಯೊಳಗೆ ಯಾವ ಕಡತ ಎಲ್ಲಿದೆಯೆಂಬ ಸೂಚಿಯನ್ನು ಯಾವ ಪದ್ಧತಿಯಲ್ಲಿ ಇಡಬೇಕೆಂದು ಗೊತ್ತುಮಾಡುವುದು ಎರಡನೆಯದು, ಅದೇ ಫಾರ್ಮ್ಯಾಟ್.

ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಅಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಕಾಲದ ಕಲ್ಲುಕಂಬವೊಂದಿದೆ, 1894ರಲ್ಲಿ ಬಿ. ಎಲ್. ರೈಸ್ ಅವರ ಕಣ್ಣಿಗೆ ಬಿದ್ದು ಲೋಕಪ್ರಸಿದ್ಧವಾದದ್ದು. ಕಂಬಕ್ಕೆ ಎಂಟು ಮುಖ. ಕುಬ್ಜನೆಂಬ ಕವಿಯ ಸಂಸ್ಕೃತ ಪದ್ಯಗಳನ್ನು ಅದರ ಮೇಲೆ ಅಡ್ಡಲಾಗಿ ಕೊರೆದಿಲ್ಲ. ಸಾಲುಗಳು ಕಂಬದ ಬುಡದಿಂದ ಹೊರಟು ಮೇಲಕ್ಕೆ ಏರುತ್ತವೆ. ಸಾಲು ಬುಡದಿಂದ ಮೊದಲಾಗುತ್ತದೆಂದು ತಿಳಿಯದವನು ತುದಿಯಿಂದ ಓದಲು ಹೊರಟರೆ ಒಂದಕ್ಷರವೂ ಅಳಿಯದಿದ್ದರೂ ಅವನಿಗೆ ಕಂಬ ಮೂಕ. ನಮ್ಮ ಅತ್ತೆಯ ಮನೆಯ ಟಿ.ವಿ.ಗೆ ಆದದ್ದು ಇದೇ. ಡಿಸ್ಕನ್ನು ಬೆಂಗಳೂರಿನಲ್ಲಿರುವ ಮಗ ತನ್ನ ಲಿನಕ್ಸ್ ಯಂತ್ರದಲ್ಲಿ, ಇ.ಎಕ್ಸ್.ಟಿ.4 ಎಂಬ ಪದ್ಧತಿಯಲ್ಲಿ ಹದಮಾಡಿ ಕೊಟ್ಟಿದ್ದ. ಟಿ.ವಿ.ಗೆ ಆ ಲಿಪಿ ಬಾರದು. ‘ನನಗೆ ಓದಲು ಬರುವುದಿಲ್ಲ’ ಎನ್ನುವುದರ ಬದಲು ಅದು ‘ಅಳಿಸಿ ನನ್ನ ಲಿಪಿಯಲ್ಲಿ ಹೊಸದಾಗಿ ಬರೆಯಲೆ?’ ಎಂದು ಕೇಳಿತು. ಯಂತ್ರಗಳಿಗೆ ವಿನಯ ಕಲಿಸಿದವರು ಇನ್ನೂ ಹುಟ್ಟಿಲ್ಲ.

ಹಾಗಾದರೆ ಯಾವ ಪದ್ಧತಿ ಒಳ್ಳೆಯದು? ಹಳೆಯದಾದ ಫ್ಯಾಟ್32 ಎಲ್ಲ ಯಂತ್ರಗಳಿಗೂ ಅರ್ಥವಾಗುತ್ತದೆ. ಆದರೆ ಅದರಲ್ಲಿ 4 ಗಿಗಾಬೈಟನ್ನು ಮುಟ್ಟುವ ಕಡತವನ್ನು ಇಡಲಾಗದು. ರಾತ್ರಿಯಿಡೀ ನಡೆದ ಆಟವನ್ನು ಒಂದೇ ಕಡತವಾಗಿ ಹಿಡಿದಿದ್ದರೆ ಅದು ಹಿಡಿಸುವುದೇ ಇಲ್ಲ. ವಿಂಡೋಸಿನ ಎನ್.ಟಿ.ಎಫ್.ಎಸ್.ಗೆ ಆ ಮಿತಿ ಇಲ್ಲ, ಬಹುಪಾಲು ಟಿ.ವಿ.ಗಳು ಅದನ್ನು ಓದುತ್ತವೆ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಹಗುರವಾದ ಪದ್ಧತಿ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರವನ್ನು ಪ್ರಕಟಿಸಿದ ಮೇಲೆ ಬಳಕೆ ಹೆಚ್ಚಿದೆ. ಆದರೆ ಹಳೆಯ ಮೀಡಿಯಾ ಪ್ಲೇಯರುಗಳು ಅದನ್ನು ಅರಿಯದಿರುವುದುಂಟು. ಟಿ.ವಿ.ಯ ಜತೆ ಬರುವ ಪುಸ್ತಿಕೆಯಲ್ಲಿ ಇದನ್ನು ಬರೆದಿರುತ್ತಾರೆ. ಆ ಪುಟವನ್ನು ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ.

ಇನ್ನು ಎರಡು ಟೆರಾಬೈಟಿಗಿಂತ ದೊಡ್ಡ ಡಿಸ್ಕಿನ ಮಾತು. ಹಿಡುವಳಿಯ ಪಟ್ಟಿ ಬರೆಯುವ ಹಳೆಯ ಕ್ರಮಕ್ಕೆ ಎಂ.ಬಿ.ಆರ್. ಎನ್ನುತ್ತಾರೆ. ಸಾಮಾನ್ಯವಾದ 512 ಬೈಟಿನ ಖಾನೆಯ ಲೆಕ್ಕದಲ್ಲಿ ಅದು ಸುಮಾರು 2.2 ಟೆರಾಬೈಟಿನ ಆಚೆಗೆ ಎಣಿಸಲಾರದು. ಹೊಸ ಕ್ರಮ ಜಿ.ಪಿ.ಟಿ. ಎಷ್ಟಾದರೂ ಎಣಿಸುತ್ತದೆ, ಆದರೆ ಕೆಲವು ಟಿ.ವಿ.ಗಳಿಗೆ ಅದರ ಗುರುತೇ ಇಲ್ಲ. ಮನೆಬಳಕೆಗೆ ಎರಡು ಟೆರಾಬೈಟಿನ ಎರಡು ಡಿಸ್ಕುಗಳು ನಾಲ್ಕರ ಒಂದು ಡಿಸ್ಕಿಗಿಂತ ಮೇಲೆಂದು ನನ್ನ ಅಭಿಪ್ರಾಯ.

ಈಗ ಸಾಲು ಹೊಂದಿಸುವ ವಿಚಾರ. ತಿಳಿದವರೂ ಎಡವುವುದು ಇಲ್ಲಿ. ಬಹುಕಾಲ ಒಂದು ಖಾನೆಗೆ 512 ಬೈಟು ಎಂದು ಲೆಕ್ಕವಿತ್ತು. ಪ್ರತಿ ಖಾನೆಗೂ ಗುರುತಿನ ತಲೆಬರಹ, ತಪ್ಪು ತಿದ್ದಿಕೊಳ್ಳಲು ಸುಮಾರು 50 ಬೈಟು, ಆಮೇಲೆ ಒಂದು ಖಾಲಿ ಅಂತರ, ಇಷ್ಟು ಜಾಗ ಬದುವಿನಂತೆ ಹೋಗುತ್ತಿತ್ತು. ಚಿಕ್ಕ ಚಿಕ್ಕ ಮಡಿಗಳಾದರೆ ಗದ್ದೆಗಿಂತ ಬದುವೇ ಹೆಚ್ಚಾಗುವುದು ರೈತರಿಗೆ ಹೊಸದಲ್ಲ. ಆದ್ದರಿಂದ ತಯಾರಕರು ಎಂಟು ಮಡಿಗಳ ನಡುವಿನ ಬದು ಕಡಿದು 4096 ಬೈಟಿನ ಒಂದೇ ದೊಡ್ಡ ಮಡಿ ಮಾಡಿದರು; ತಪ್ಪು ತಿದ್ದಲು 400 ಬೈಟಿನ ಬದಲು 100 ಸಾಕಾಯಿತು. 2010ರ ಸುಮಾರಿಗೆ ಇಂಥ ಡಿಸ್ಕುಗಳು ಪೇಟೆಗೆ ಬಂದವು. 2011ರ ಜನವರಿಯಿಂದ ಹೊಸ ಮಾದರಿಗಳೆಲ್ಲ ಹೀಗೆಯೇ ಇರಬೇಕೆಂದು ತಯಾರಕರು ತಮ್ಮಲ್ಲಿ ಒಪ್ಪಂದ ಮಾಡಿಕೊಂಡರು. ಆದರೆ ಹಳೆಯ ಕಂಪ್ಯೂಟರುಗಳು ಗಾಬರಿಯಾಗದಿರಲೆಂದು ಡಿಸ್ಕು ಹೊರಗಿನವರೆದುರು ತನ್ನಲ್ಲಿ 512ರ ಮಡಿಗಳೇ ಇವೆಯೆಂದು ಹೇಳಿಕೊಳ್ಳುತ್ತದೆ. ಈ ಸಣ್ಣ ಸುಳ್ಳಿನಿಂದಲೇ ತೊಂದರೆ ಹುಟ್ಟಿದ್ದು.

ವಿಂಡೋಸ್ ಎಕ್ಸ್.ಪಿ.ಯವರೆಗಿನ ಯಂತ್ರಗಳು ಮೊದಲ ಪಾರ್ಟಿಷನ್ನನ್ನು 63ನೆಯ ಖಾನೆಯಿಂದ ಹಿಡಿಯುತ್ತಿದ್ದವು. ಹಳೆಯ ವಿಳಾಸಕ್ರಮದಲ್ಲಿ ಒಂದು ವೃತ್ತಕ್ಕೆ ಹೆಚ್ಚೆಂದರೆ 63 ಖಾನೆ. ಮೊದಲ ವೃತ್ತವನ್ನು ಪಟ್ಟಿಗೆಂದು ಬಿಟ್ಟು ಎರಡನೆಯದರಿಂದ ಹೊರಡುವುದು ಪದ್ಧತಿ. ಅಂಥ ವೃತ್ತಗಳು ಡಿಸ್ಕಿನಲ್ಲಿ ಇಲ್ಲವಾಗಿ ಎಷ್ಟೋ ಕಾಲವಾದರೂ 63 ಉಳಿದುಕೊಂಡಿತು. ಈಗ ಲೆಕ್ಕ ಹಾಕಿ. ಸೊನ್ನೆಯಿಂದ 7ರವರೆಗಿನ ಎಂಟು ಪಾಲು ಮೊದಲ ದೊಡ್ಡ ಮಡಿ, 8ರಿಂದ 15 ಎರಡನೆಯದು; ಹೀಗೆ ಹೋದರೆ 56ರಿಂದ 63 ಎಂಟನೆಯ ಮಡಿ. 63 ಎಂದರೆ ಆ ಮಡಿಯ ಕಟ್ಟಕಡೆಯ ಪಾಲು. ಕಂಪ್ಯೂಟರು ಎಂಟೆಂಟು ಪಾಲುಗಳ ಗಂಟು ಕಟ್ಟಿ ಬರೆಯುತ್ತದೆ. ಗಂಟಿನ ಒಂದು ಪಾಲು ಈ ಮಡಿಗೆ, ಏಳು ಪಾಲು ಮುಂದಿನ ಮಡಿಗೆ ಬೀಳುತ್ತದೆ. ಡಿಸ್ಕಿನ ಕೊನೆಯವರೆಗೂ ಪ್ರತಿ ಗಂಟಿನ ಗತಿ ಇದೇ. ಮಡಿಯಲ್ಲಿ ಒಂದು ಪಾಲನ್ನಷ್ಟೇ ಬದಲಿಸುವ ಶಕ್ತಿ ಡಿಸ್ಕಿಗಿಲ್ಲ. ಇಡೀ ಮಡಿಯನ್ನು ಓದಿ, ಪಾಲನ್ನು ತಿದ್ದಿ, ತಟ್ಟೆ ಒಂದು ಸುತ್ತು ತಿರುಗಿ ಬರುವವರೆಗೆ ಕಾದು, ಇಡೀ ಮಡಿಯನ್ನು ಮತ್ತೆ ಬರೆಯಬೇಕು. ನಿಮಿಷಕ್ಕೆ 5400 ಸುತ್ತಿನ ಡಿಸ್ಕಿಗೆ ಒಂದು ಸುತ್ತೆಂದರೆ 11 ಮಿಲಿಸೆಕೆಂಡು. ಕೇಳಲು ಅಲ್ಪವೆನಿಸುತ್ತದೆ; ಸಾವಿರಾರು ಚಿಕ್ಕ ಕಡತಗಳನ್ನು ತುಂಬುವಾಗ ಕೂಡುತ್ತ ಬೆಳೆಯುತ್ತದೆ.

2007ರಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ತಾದಿಂದೀಚೆಗೆ ಪಾರ್ಟಿಷನ್ 2048ನೆಯ ಖಾನೆಯಿಂದ ಹೊರಡುತ್ತದೆ. 2048 ಎಂಟರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಗಂಟೂ ಮಡಿಯೂ ಸರಿಗೂಡುತ್ತವೆ. ಈ ನಡುವಿನ ಕಾಲದಲ್ಲಿ ವೆಸ್ಟರ್ನ್ ಡಿಜಿಟಲ್‌ನವರು ಒಂದು ಜಾಣ ಉಪಾಯ ಮಾಡಿದ್ದರು: ಕೆಲವು ಡಿಸ್ಕುಗಳ ಹಿಂದಿನ 7 ಮತ್ತು 8ನೆಯ ಮುಳ್ಳುಗಳಿಗೆ ಚಿಕ್ಕ ಟೋಪಿ ತೊಡಿಸಿದರೆ ಡಿಸ್ಕು ಪ್ರತಿ ಸಂಖ್ಯೆಗೂ ಒಂದು ಕೂಡಿಸಿಕೊಂಡು, 63 ಎಂದದ್ದನ್ನು 64 ಎಂದು ತಿಳಿಯುತ್ತಿತ್ತು. ಎಕ್ಸ್.ಪಿ.ಯವರಿಗೆ ಅನುಕೂಲವೇ. ಆದರೆ ತುಂಬಿದ ಮೇಲೆ ಯಾರಾದರೂ ಆ ಟೋಪಿ ತೆಗೆದರೆ ಇಡೀ ಡಿಸ್ಕಿನ ಎಣಿಕೆ ಒಂದರಷ್ಟು ಜಾರಿ, ಯಾವುದೂ ಓದಲು ಬರುತ್ತಿರಲಿಲ್ಲ.

ನಿಮ್ಮ ಡಿಸ್ಕು ಹೇಗಿದೆಯೆಂದು ನೋಡುವುದು ಕಷ್ಟವಲ್ಲ. ವಿಂಡೋಸ್ ಯಂತ್ರದಲ್ಲಿ ‘ಸಿಸ್ಟಂ ಇನ್‌ಫರ್ಮೇಷನ್’ ತೆರೆದು, ಡಿಸ್ಕುಗಳ ವಿವರದಲ್ಲಿ ‘ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್’ ಎಂಬ ಸಾಲಿನ ಮುಂದಿರುವ ಸಂಖ್ಯೆಯನ್ನು 4096ರಿಂದ ಭಾಗಿಸಿ. 10,48,576 ಇದ್ದರೆ ಶೇಷ ಉಳಿಯದು. 32,256 ಇದ್ದರೆ ಅದು ಹಳೆಯ 63.

ಹೀಗಿದ್ದಾಗ ಓಡಿಹೋಗಿ ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಬೇಕೆ? ಬೇಡವೆಂದೇ ನಾನು ಹೇಳುತ್ತೇನೆ. ಮೀಡಿಯಾ ಪ್ಲೇಯರು ಓದುವುದೇ ಹೊರತು ಬರೆಯುವುದು ಕಡಿಮೆ. ಓದಲು ಆ ಹೆಚ್ಚಿನ ಸುತ್ತು ಬೇಕಾಗುವುದಿಲ್ಲ. ಸ್ಪಷ್ಟವಾದ ಸಿನಿಮಾ ಒಂದಕ್ಕೆ ಸೆಕೆಂಡಿಗೆ ಒಂದೆರಡು ಮೆಗಾಬೈಟು ಸಾಕು. ಡಿಸ್ಕು ನೂರರಷ್ಟು ಕೊಡಬಲ್ಲದು. ಚಿತ್ರ ನಿಂತು ನಿಂತು ಓಡುತ್ತಿದ್ದರೆ ಕಾರಣ ಬೇರೆಡೆ ಹುಡುಕಬೇಕು: ಟಿ.ವಿ.ಯ ತೂತಿನಿಂದ ಡಿಸ್ಕಿಗೆ ಬೇಕಾದಷ್ಟು ವಿದ್ಯುತ್ತು ಬಾರದಿರಬಹುದು, ತಂತಿ ಸಡಿಲವಿರಬಹುದು, ಇಲ್ಲವೆ ಡಿಸ್ಕೇ ಮುದಿಯಾಗಿರಬಹುದು. ಸಾಲು ಹೊಂದಿಸುವುದು ಹೊಸ ಡಿಸ್ಕಿಗೆ, ಅದು ಖಾಲಿಯಿರುವಾಗ, ಕಂಪ್ಯೂಟರಿನಲ್ಲಿ ಮಾಡುವ ಕೆಲಸ. ತುಂಬಿದ ಡಿಸ್ಕಿನ ಹಿಡುವಳಿಯನ್ನು ಹಾಗೆಯೇ ಸರಿಸುವ ತಂತ್ರಾಂಶಗಳೂ ಉಂಟು. ಆದರೆ ಆ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟು ಹೋದರೆ ಇತ್ತ ದಡವೂ ಇಲ್ಲ, ಅತ್ತ ದಡವೂ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಹಿಡಿಯುವುದು ಜಾಣತನವಲ್ಲ.

ಅತ್ತೆಯ ಮನೆಗೆ ಹಿಂದಿರುಗೋಣ. ಡಿಸ್ಕನ್ನು ಕೂಡಲೆ ಟಿ.ವಿ.ಯಿಂದ ಕಿತ್ತು, ಮತ್ತೆ ಯಾವುದಕ್ಕೂ ಸಿಕ್ಕಿಸದಂತೆ ಬಟ್ಟೆಯಲ್ಲಿ ಸುತ್ತಿ, ಶಿಕಾರಿಪುರಕ್ಕೆ ತಂದೆ. ಹಿಂದೆ ಮಠಗಳಲ್ಲಿ, ವರ್ತಕರ ಮನೆಗಳಲ್ಲಿ ಲೆಕ್ಕ ಬರೆಯಲು ಕಡತಗಳಿದ್ದವು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಕಂಪ್ಯೂಟರಿನ ಫೈಲಿಗೂ ನಾವು ಅದೇ ಹೆಸರಿಟ್ಟಿದ್ದೇವೆ. ಕಡತಕ್ಕೆ ಮತ್ತೆ ಕಪ್ಪು ಬಳಿದರೆ ಹಳೆಯ ಲೆಕ್ಕ ಹೋಯಿತು. ವಿಸ್ತಾದಿಂದೀಚಿನ ವಿಂಡೋಸಿನಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಹೀಗೆಯೇ, ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಅರ್ಧ ನಿಮಿಷದಲ್ಲಿ ಮುಗಿಯುವ ಫಾರ್ಮ್ಯಾಟ್ ಹಾಗಲ್ಲ. ಅದು ಒರೆಸುವುದು ಮೊದಲ ಮಡಿಕೆಯ ಸೂಚಿಯನ್ನು ಮಾತ್ರ. ಒಳಗಿನ ಬರಹ ಹೊಸದು ಅದರ ಮೇಲೆ ಬೀಳುವವರೆಗೆ ಹಾಗೇ ಇರುತ್ತದೆ. ಆ ಟಿ.ವಿ. ಡಿಸ್ಕಿನ ಮೇಲೆ ಕಾರ್ಯಕ್ರಮ ದಾಖಲು ಮಾಡಲು ತೊಡಗಿದ್ದರೆ ನಮ್ಮ ಕೈಗೆ ಏನೂ ದಕ್ಕುತ್ತಿರಲಿಲ್ಲ.

ಕಂಪ್ಯೂಟರ್ ಅಂಗಡಿಯ ಹುಡುಗ ಹಳೆಯ ಡಿಸ್ಕನ್ನು ಓದಲಷ್ಟೇ ಬಿಟ್ಟು, ಸಿಕ್ಕಿದ್ದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿದ. ಎರಡು ದಿನ ಹಿಡಿಯಿತು. 31 ಹಾಡುಗಳಲ್ಲಿ 26 ಬಂದವು. ಸೂಚಿ ಹೋಗಿದ್ದರಿಂದ ಹೆಸರು ಮಾತ್ರ ಒಂದಕ್ಕೂ ಇರಲಿಲ್ಲ. ಎಲ್ಲಕ್ಕೂ ಬರಿಯ ಅಂಕಿ. ಎನ್.ಟಿ.ಎಫ್.ಎಸ್.ನಲ್ಲಿ, 2048ರಿಂದ ಹೊರಟ ಎರಡು ಡಿಸ್ಕುಗಳಿಗೆ ಅವನ್ನು ತುಂಬಿಸಿದೆವು. ಒಂದು ಶಿಕಾರಿಪುರದಲ್ಲಿ ನಮ್ಮ ಮನೆಯ ಬೀರುವಿನಲ್ಲಿದೆ. ಇನ್ನೊಂದನ್ನು ಸೊರಬಕ್ಕೆ ಒಯ್ದು ಅತ್ತೆಯ ಮುಂದೆ ಒಂದೊಂದೇ ಹಾಡು ಹಾಕುತ್ತ ಕುಳಿತೆವು. ಹಿಮ್ಮೇಳದಲ್ಲಿ ಯಾರಿದ್ದಾರೆ, ಯಾರ ಮನೆಯ ನಾಯಿ ಬೊಗಳುತ್ತಿದೆ ಎಂಬುದರಿಂದಲೇ ಅವರು ಊರು, ವರ್ಷ, ಹಾಡು ಮೂರನ್ನೂ ಹೇಳುತ್ತಿದ್ದರು. ಮೊಮ್ಮಗ ಹೆಸರು ಬರೆಯುತ್ತಿದ್ದ. ಹದಿನೇಳನೆಯದರಲ್ಲಿ ಹಾಡೇ ಇರಲಿಲ್ಲ. ಗಾಳಿಯ ಸದ್ದು, ಯಾರೋ ನಡೆಯುವ ಸಪ್ಪಳ, ಆಮೇಲೆ ಮಾವನ ದನಿ: ‘ದೀಪಕ್ಕೆ ಎಣ್ಣೆ ಹಾಕ್ರೋ, ಕಡಿಮೆ ಆತು.’ ಇದಕ್ಕೇನೆಂದು ಬರೆಯಲಿ ಅಜ್ಜಿ ಎಂದು ಹುಡುಗ ಕೇಳಿದ. ಅತ್ತೆ ಅದನ್ನು ಇನ್ನೊಮ್ಮೆ ಹಾಕಲು ಹೇಳಿದರು.